ಹಿಂದಿನ ಚೀಲದ ಬೇಳೆ

ಅಮ್ಮಾ,

ನೀನು ತೀರಿಹೋದ ಮೇಲೆ ಮೂಲೆ ಅಂಗಡಿಯವನ ಬಾಯಲ್ಲಿ ಜೇನು ಸುರಿಯುತ್ತಿದೆ. "ಬಂಗಾರದಂಥ ಹುಡುಗಿ ಕಣಮ್ಮ ನೀನು, ನಿಮ್ಮಮ್ಮನ ಥರ ಕಾಳು ಕಾಳೂ ಕೆದಕಲ್ಲ" ಎಂದು ಇವತ್ತೂ ಹಲ್ಲು ಕಿರಿಯುತ್ತಾ ಹಿಂದಿನ ಚೀಲದಿಂದ ಬೇಳೆ ತುಂಬಿದ. ಮುಂದಿನ ಚೀಲ ಬರೀ ತೋರಿಸುವುದಕ್ಕೆ, ನಿನಗೆ ಗೊತ್ತಲ್ಲ. ಆ ಹೊಗಳಿಕೆಗೆ ನಾಚಿಕೊಂಡು ಆರು ತಿಂಗಳಿಂದ ಹುಳು ಆರಿಸಿ ಬೇಯಿಸಿದ್ದೇನೆ.

ಇವತ್ತು ಪೊಟ್ಟಣ ಬಿಚ್ಚಿ ಅವನ ತಕ್ಕಡಿಯ ಮೇಲೇ ಸುರಿದೆ. ಗಿರಾಕಿಗಳ ಕಣ್ಣೆದುರೇ ಹುಳುಗಳು ಹರಿದಾಡಿದವು.

"ಥೇಟ್ ಅವಳ ಅಮ್ಮನೇ!" ಎಂದ, ಬೈಗುಳದಂತೆ.

ನಾನು ಥಟ್ಟನೆ ಹೊರಗೆ ನೋಡಿದೆ. ನೀನು ಒಳಗೆ ಜಗಳವಾಡುವಾಗ, ನಿನ್ನ ಮಗಳೇ ಅಲ್ಲವೆಂಬಂತೆ ನಾನು ಬೆನ್ನು ತಿರುಗಿಸಿ ನಿಲ್ಲುತ್ತಿದ್ದ ಕಂಬದ ಬಳಿ ಯಾರೂ ಇರಲಿಲ್ಲ.