ನಾಲ್ಕು ಬೆರಳು ಎತ್ತರ

ಮಾರ್ಚ್ 3, ಸೋಮವಾರ

ಮಾನ್ಯ ಅಧ್ಯಕ್ಷರೇ, ವೇದಿಕೆಯ ಮೇಲಿನ ಗಣ್ಯರೇ, ವೇದಿಕೆ ಸಾಲದೆ ಕೆಳಗಿಳಿದ ಇನ್ನಷ್ಟು ಗಣ್ಯರೇ, ಕಾಫಿ ಇದೆಯೆಂದು ನಂಬಿ ಬಂದ ಮಹಾಜನರೇ — ಈ ಬಡ ದಿನಚರಿಗೆ ತಮಗೆಲ್ಲ ಹಾರ್ದಿಕ ಸ್ವಾಗತ. ಕಾಫಿ ಇಲ್ಲ. ಭಾಷಣದ ವಿಷಯ, ಎಂದಿನಂತೆ, ಆರನೇ ಮನೆ.

ಬೆಳಿಗ್ಗೆ ಪ್ರೆಸ್ಸಿಗೆ ಹೊರಟೆ. ನಮ್ಮ ಐದನೇ ಮನೆಯ ಜಗಲಿಯಿಂದ ಇಳಿದು, ಆರನೇ ಮನೆಯಷ್ಟು ಉದ್ದ ರಸ್ತೆಯಲ್ಲಿ ನಡೆದು, ಏಳನೇ ಮನೆಯ ಹತ್ತಿರ ಮತ್ತೆ ಜಗಲಿ ಹತ್ತಿದೆ. ಎರಡು ವರ್ಷದಿಂದ ದಿನಾ ಇದೇ. ಇಳಿಯುವಾಗ ಒಂದು ಶಾಪ, ಹತ್ತುವಾಗ ಒಂದು. ಕಾಲಿಗೂ ವ್ಯಾಯಾಮ, ನಾಲಿಗೆಗೂ.

ನಮ್ಮದು ಒಂಬತ್ತು ಮನೆ. ಒಂದೇ ಸೂರು. ಪ್ರತಿ ಎರಡು ಮನೆಯ ನಡುವೆ ಒಂದೇ ಗೋಡೆ — ಅಲ್ಲಿ ಸೀನಿದರೆ ಇಲ್ಲಿ ಮೂಗು ಒರೆಸಿಕೊಳ್ಳಬೇಕು. ಗಿರಣಿಯವರು ಕೆಲಸಗಾರರಿಗೆಂದು ಕಟ್ಟಿಸಿದ್ದು. ಗಿರಣಿ ಮುಚ್ಚಿತು, ಸಾಲು ಉಳಿಯಿತು. ಊರಿಗೆಲ್ಲ ನಾವು ‘ಜಗಲಿ ಸಾಲಿನವರು’. ರಸ್ತೆ ಇಳಿಜಾರು. ಜಗಲಿ ಮಾತ್ರ ಮೊದಲ ಮನೆಯಿಂದ ಕೊನೆಯ ಮನೆವರೆಗೆ ಒಂದೇ ಮಟ್ಟ. ಮೇಲಿನ ತುದಿಯಲ್ಲಿ ಒಂದು ಮೆಟ್ಟಿಲಷ್ಟು ಎತ್ತರ, ಕೆಳಗಿನ ತುದಿಯಲ್ಲಿ ಸೊಂಟದಷ್ಟು. ಹೊರಗಿನವರು ರಸ್ತೆಯಲ್ಲಿ ಹೋಗುತ್ತಾರೆ, ಸಾಲಿನವರು ಜಗಲಿಯಲ್ಲಿ. ಇನ್ನೊಬ್ಬರ ಬಾಗಿಲು ದಾಟುವಾಗ ಚೌಕಟ್ಟು ಮುಟ್ಟಿ ‘ನಾನೇ’ ಎನ್ನುವುದು ವಾಡಿಕೆ. ಒಳಗಿದ್ದವರು ದನಿ ಗುರುತಿಸಿ ಕೂತಲ್ಲಿಂದಲೇ ‘ಹೂಂ’ ಎನ್ನುತ್ತಾರೆ.

ರಸ್ತೆಯು ತಗ್ಗಿದರೂ ಜಗಲಿ ತಗ್ಗದು,
ಕಣ್ಣು ಕುಗ್ಗಿದರೂ ನಡಿಗೆ ಕುಗ್ಗದು.

ಅಪ್ಪನ ಮೇಲೆ ಕಟ್ಟಿದ್ದು. ಆಮಂತ್ರಣ ಪತ್ರಿಕೆಗಳಿಗೆ ಪದ್ಯ ಬರೆಯುವುದು ಹೊಟ್ಟೆಪಾಡು. ಮನೆಯವರಿಗೂ ಒಂದೆರಡು ಸಾಲು ಉಳಿಯುತ್ತದೆ. ಕಣ್ಣು ಮಂಜಾದ ಮೇಲೂ ಅಪ್ಪ ಸಂಜೆ ಒಬ್ಬರೇ ಓಡಾಡುತ್ತಿದ್ದರು. ಕೋಲಿಲ್ಲ. ಗೋಡೆಗೆ ಕೈ, ಬಾಗಿಲಿಗೊಂದು ‘ನಾನೇ’.

ಒಂದು ದಿನ ಮಧ್ಯಾಹ್ನ ಆರನೇ ಮನೆಯವನು ಕಾರು ಹತ್ತಿಸಲೆಂದು ತನ್ನ ಭಾಗದ ಜಗಲಿ ಒಡೆದು ಹಾಕಿದ. ಯಾರಿಗೂ ಹೇಳಲಿಲ್ಲ. ನಾನು ಪ್ರೆಸ್ಸಿನಲ್ಲಿ, ಅಕ್ಕ ಶಾಲೆಯಲ್ಲಿ. ಸಂಜೆ ಅಪ್ಪ ನಮ್ಮ ಬಾಗಿಲು ದಾಟಿದರು. ಮುಂದಿನ ಹೆಜ್ಜೆಗೆ ನೆಲ ಇರಲಿಲ್ಲ.

ಸೊಂಟದ ಮೂಳೆ. ಮೂರು ತಿಂಗಳು ಹಾಸಿಗೆ. ಆಮೇಲೆ ಅದೂ ಇಲ್ಲ.

ನೋಡಲು ಬಂದ ಆರನೇ ಮನೆಯವನು ಹೇಳಿದ್ದು: “ವಯಸ್ಸಾದವರನ್ನ ಹೀಗೆ ಒಬ್ರನ್ನೇ ಬಿಡಬಾರದಿತ್ತು ನೀವು.”

ಮನೆಯ ಮುಂಭಾಗಕ್ಕೆಲ್ಲ ಕರಿ ಹೊಳೆಯುವ ಕಲ್ಲು ಮೆತ್ತಿಕೊಂಡಿದ್ದಾನೆ. ಕಸುಬಿನಲ್ಲಿ ಕಟ್ಟಡದ ಕಂಟ್ರಾಕ್ಟರ್. ಈ ಪುಸ್ತಕದಲ್ಲಿ ಅವನ ಹೆಸರು ಗ್ರಾನೈಟ್.

ಮಾರ್ಚ್ 6, ಗುರುವಾರ

ಸಭಿಕರೇ, ಚಪ್ಪಾಳೆ! ದೇವರು ಇದ್ದಾನೆ, ಮುನಿಸಿಪಾಲಿಟಿಯಲ್ಲಿ ಕೆಲಸಕ್ಕೂ ಸೇರಿದ್ದಾನೆ.

ಹಳೆ ಕಟ್ಟಡಗಳ ಸಮಿತಿಯಿಂದ ಒಬ್ಬ ಆರ್ಕಿಟೆಕ್ಟ್ ಮೇಡಂ ಬಂದಿದ್ದರು. ಸಾಲು ಮೊದಲಿದ್ದ ಹಾಗೇ ಆದರೆ ರಕ್ಷಿತ ಪಟ್ಟಿಗೆ ಸೇರುತ್ತದೆ. ಸೇರಿದರೆ ರಸ್ತೆ ಅಗಲ ಮಾಡುವವರು ನಮ್ಮನ್ನು ಮುಟ್ಟುವಂತಿಲ್ಲ. ಸೇರದಿದ್ದರೆ ಒಂಬತ್ತೂ ಮನೆಯ ಮುಂದಿನ ಕೋಣೆ ಹೋಗುತ್ತದೆ.

“ಎಂಟು ಮನೆ ಪರ್ಫೆಕ್ಟ್. ಆರನೇದು ಮಾತ್ರ...” ಎಂದರು ಮೇಡಂ.

ಎಲ್ಲರೂ ಗ್ರಾನೈಟನ ಕಡೆ ತಿರುಗಿದರು. ಎಂಟು ಮನೆಯ ಕಣ್ಣು. ಅವನು ಮೊಬೈಲ್ ನೋಡಿಕೊಂಡ. ಅದರಲ್ಲಿ ಏನೂ ಇರಲಿಲ್ಲ, ಪರದೆ ಆಫ್ ಆಗಿತ್ತು.

ಹಳೆಯದು ಹೇಗಿತ್ತೆಂದು ಹೇಳುವವರು ಯಾರು? ನಾಲ್ಕು ತಲೆಮಾರಿನಿಂದ ಇದೇ ಸಾಲಿನಲ್ಲಿರುವುದು ನಾವು ಮತ್ತು ಅವರು. ಅವನಿಗೆ ಹಳೆಯದೆಂದರೆ ಅಲರ್ಜಿ. ಹೀಗಾಗಿ ನಾನು. ‘ಸ್ಥಳೀಯ ಇತಿಹಾಸಕಾರರು’ ಎಂದರು ಮೇಡಂ. ಅಕ್ಕ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು.

ಮಾರ್ಚ್ 15, ಶನಿವಾರ

ಒಪ್ಪಿದ. ಒಪ್ಪದೆ? ಏಳನೇ ಮನೆಯ ಟೈಲರ್ ಅವನ ಪ್ಯಾಂಟು ಹೊಲಿಯುವುದಿಲ್ಲ ಎಂದನಂತೆ, ಅಳತೆ ಕೊಟ್ಟಾದ ಮೇಲೆ.

ಕಲ್ಲು ಕೀಳುವ ಸದ್ದು. ಗೋಡೆ ಒಂದೇ ಆದ್ದರಿಂದ ನಮ್ಮ ಅಡುಗೆಮನೆಯ ಪಾತ್ರೆಗಳೂ ತಾಳ ಹಾಕುತ್ತಿವೆ. ಇಷ್ಟು ಇಂಪಾದ ಸಂಗೀತ ಕೇಳಿ ಎಷ್ಟು ಕಾಲವಾಯಿತು!

ಮುಖಕ್ಕೆ ಮೆತ್ತಿದ್ದು ಮಿನುಗುವ ಕಲ್ಲು,
ಕಿತ್ತರೆ ಕಂಡದ್ದು ಹುಳುಕಿನ ಹಲ್ಲು.

ಅಕ್ಕನಿಗೆ ಓದಿ ಹೇಳಿದೆ. “ಪ್ರಾಸ ಚೆನ್ನಾಗಿದೆ. ಬುದ್ಧಿ ಚೆನ್ನಾಗಿಲ್ಲ,” ಎಂದಳು. “ಜಗಲಿ ವಾಪಸ್ ಬರ್ತಿದೆಯಲ್ಲ, ಇನ್ನೇನು ಬೇಕು ನಿಂಗೆ? ಅಪ್ಪ ಕೇಳಿದ್ದೂ ಅಷ್ಟೇ.”

ನಿಜ. ಆಸ್ಪತ್ರೆಯಲ್ಲಿ ಅಪ್ಪ ಅಂದದ್ದು: “ಅವನಿಗೆ ಮತ್ತೆ ಜಗಲಿ ಹಾಕ್ಸು ಅನ್ನು. ಸಾಕು.”

ಸಾಕು! ಅಪ್ಪನಿಗೆ ಎಲ್ಲವೂ ಬೇಗ ಸಾಕಾಗುತ್ತಿತ್ತು. ಸಾರಿಗೆ ಉಪ್ಪು ಕಡಿಮೆಯಾದರೂ ಸಾಕು, ಅನ್ನ ಮುದ್ದೆಯಾದರೂ ಸಾಕು. ನನಗೆ ಆ ಗುಣ ಬಂದಿಲ್ಲ.

ಏಪ್ರಿಲ್ 9, ಬುಧವಾರ, ರಾತ್ರಿ

ಇಂದು ಒಂದು ಮಹತ್ವದ ಸಂಶೋಧನೆ ಮಾಡಿದೆ. ಸ್ಥಳ: ಆರನೇ ಮನೆಯ ಮುಂದೆ. ತಗುಲಿದ ಸಮಯ: ಬಾಯಿ ತೆರೆಯಲು ಬೇಕಾದಷ್ಟು.

ಮೇಡಂ ಟೇಪು ಹಿಡಿದು ಹೊಸ ಜಗಲಿಯ ಮಟ್ಟ ಗುರುತು ಮಾಡುತ್ತಿದ್ದರು. ಗ್ರಾನೈಟ್ ಪಕ್ಕದಲ್ಲಿ, ಮುಖ ಹುಳಿ ಹುಳಿ.

ನಾನು ಅಂದೆ, “ಇದು ಸ್ವಲ್ಪ ಎತ್ತರ ಇರಬೇಕು ಮೇಡಂ.”

“ಯಾಕೆ? ಉಳಿದದ್ದೆಲ್ಲ ಲೆವೆಲ್ ಇದೆಯಲ್ಲ?”

“ಈಗ ಇದೆ. ಕಟ್ಟಿದಾಗ ಇರಲಿಲ್ಲ. ಇದು ಗಿರಣಿಯ ಓವರ್‌ಸಿಯರ್ ಮನೆ. ಕೂಲಿಯವರ ಜಗಲಿಗಿಂತ ಅವನದು ನಾಲ್ಕು ಬೆರಳು ಮೇಲೆ. ಆಮೇಲೆ ಯಾರೋ ಕೆತ್ತಿ ಸಮ ಮಾಡಿದ್ರು. ನಮ್ಮ ಮುತ್ತಾತ ಹೇಳ್ತಿದ್ರಂತೆ.”

ಮುತ್ತಾತ ಪಾಪ, ಬದುಕಿದ್ದಾಗಲೂ ಮಾತು ಕಡಿಮೆಯಂತೆ. ಓವರ್‌ಸಿಯರನಂತೂ ಹುಟ್ಟಿದ್ದೇ ಇವತ್ತು, ನನ್ನ ನಾಲಿಗೆಯ ಮೇಲೆ.

ಮೇಡಂ ಕಣ್ಣು ಅರಳಿತು. “ಅಂದ್ರೆ ಮೇಲು ಕೀಳು ಕಲ್ಲಲ್ಲೇ ಇತ್ತು! ಎಂಥಾ ಡೀಟೇಲ್ ಸಾರ್ ಇದು!”

ಗ್ರಾನೈಟನ ಮುಖ ನೋಡಬೇಕಿತ್ತು ಸಭಿಕರೇ. ಹುಳಿ ಹೋಗಿ ಸಿಹಿ. ಬೆನ್ನು ನೆಟ್ಟಗಾಯಿತು. “ನಮ್ಮನೆ ಓವರ್‌ಸಿಯರ್ ಮನೆನಾ? ನಂಗೆ ಮೊದ್ಲಿಂದ ಡೌಟಿತ್ತು. ಗತ್ತೇ ಬೇರೆ ನೋಡಿ ಈ ಮನೆದು. ನಾಲ್ಕು ಬೆರಳು ಸಾಕಾ? ಐದು ಮಾಡಿ.”

“ಇತಿಹಾಸ ತಿದ್ದಬಾರದು,” ಎಂದೆ, ಗಂಭೀರವಾಗಿ.

ಅವನ ಹೊಸಿಲು ತಗ್ಗು. ಜಗಲಿ ನಾಲ್ಕು ಬೆರಳು ಎತ್ತರವಾದರೆ ಸೂರಿನ ನೀರು ಎಲ್ಲಿಗೆ ಹೋಗಬೇಕು? ಕಟ್ಟಡ ಕಟ್ಟುವವನಿಗೆ ಇದು ಹೊಳೆಯಲಿಲ್ಲ. ಹೊಗಳಿಕೆ ಕಣ್ಣಿಗೆ ಬಿದ್ದ ಸುಣ್ಣದ ಹಾಗೆ, ಉಜ್ಜಿದಷ್ಟೂ ಕಾಣದು.

ರಾತ್ರಿ ಊಟಕ್ಕೆ ಕೂತಾಗ, ಓವರ್‌ಸಿಯರನ ಕಥೆ ಕೇಳಿದ ಅಕ್ಕ ತಟ್ಟೆಗೆ ಬಡಿಸಿದ್ದು ಸ್ವಲ್ಪ ಜೋರಾಗಿ.

ಮೇ 2, ಶುಕ್ರವಾರ

ಜಗಲಿ ಮುಗಿಯಿತು. ಎರಡೂ ಕಡೆ ನಾಲ್ಕು ಬೆರಳಿನ ಅಂಚು. ಗ್ರಾನೈಟ್ ಅದರ ಮೇಲೆ ಕುರ್ಚಿ ಹಾಕಿ ಕೂರುತ್ತಾನೆ. ಕಾರು ಬೀದಿಯ ತುದಿಯಲ್ಲಿ ಬಿಸಿಲು ಕಾಯುತ್ತದೆ.

ಪ್ರೆಸ್ಸಿಗೆ ಹೋಗುವಾಗ ಎರಡು ವರ್ಷದ ಮೇಲೆ ರಸ್ತೆಗೆ ಇಳಿಯದೆ ನಡೆದೆ. ಅವನ ಚೌಕಟ್ಟು ಮುಟ್ಟಲಿಲ್ಲ. ‘ನಾನೇ’ ಎನ್ನಲಿಲ್ಲ. ಆ ಅಂಚಿಗೆ ಕಾಲ ಹೆಬ್ಬೆರಳು ತಾಗಿತು. ಮಾಡಿದವನು ನಾನೇ ಆದರೂ ಕಾಲಿಗೆ ಯಾರೂ ತಿಳಿಸಿರಲಿಲ್ಲ.

ಮೇ 21, ಬುಧವಾರ

ಮಳೆ. ಮಳೆ. ಮಳೆ.

ನಡುಗೋಡೆಗೆ ಕಿವಿ ಕೊಟ್ಟು ಕೂತಿದ್ದೇನೆ. ಆ ಕಡೆ ಬಕೆಟ್ಟಿನ ಸದ್ದು. ಪೊರಕೆಯ ಸದ್ದು. “ಸೋಫಾ ಎತ್ತೇ, ಸೋಫಾ!” ಎಂದು ಹೆಂಡತಿಗೆ ಕೂಗು. ಹಾಲ್‌ನಲ್ಲಿ ಪಾದ ಮುಳುಗುವಷ್ಟು ನೀರಂತೆ.

ಸುರಿ ಮಳೆಯೇ ಸುರಿ, ಓವರ್‌ಸಿಯರ್ ಮನೆಗೆ,
ದೊರೆಗಳ ಪಾದವ ತೊಳೆ ಕೊನೆಕೊನೆಗೆ.

ಎರಡನೇ ಸಾಲು ಸೋತಿದೆ. ಖುಷಿಯಲ್ಲಿ ಪ್ರಾಸ ಕೂಡುವುದಿಲ್ಲ.

ಮೇ 22, ಗುರುವಾರ

ಬಂದಿದ್ದ. ಪ್ಯಾಂಟು ಮೊಣಕಾಲಿನವರೆಗೆ ಮಡಚಿದೆ. ಬಾಗಿಲಲ್ಲೇ ನಿಂತ.

“ಸಾರ್, ಆಗಿನ ಕಾಲದಲ್ಲಿ ಆ ಓವರ್‌ಸಿಯರ್ ಮನೇಲಿ... ಮಳೆ ನೀರು ಹೇಗೆ ಹೊರಗೆ ಹೋಗ್ತಿತ್ತು?”

“ಅವನೇ ಗುಡಿಸ್ತಿದ್ದ ಅನ್ಸುತ್ತೆ.”

ನಗಲಿಲ್ಲ. ಒಳಗೆ ಇಣುಕಿದ. ಅಪ್ಪನ ಫೋಟೋ ಕಡೆ ನೋಡಿ ಬೇಗ ಕಣ್ಣು ತೆಗೆದ. “ಅಮ್ಮ ಮಾತು ಬಿಟ್ಟಿದ್ದಾಳೆ ನನ್ನ ಹತ್ರ. ಅವತ್ತಿಂದ,” ಎಂದ. ಏನೋ ಇನ್ನೂ ಹೇಳಲಿಕ್ಕಿತ್ತು. ನಾನು ಪೇಪರ್ ತಿರುವಿದೆ. ಹೋದ.

ಅವನ ತಾಯಿಯನ್ನು ನಾವು ದೊಡ್ಡಮ್ಮ ಎನ್ನುತ್ತೇವೆ. ನಮ್ಮ ಅಮ್ಮ ಹೋದ ಮೇಲೆ ಅಕ್ಕನಿಗೆ ಜಡೆ ಹಾಕಿದ್ದು, ನನ್ನ ಜ್ವರಕ್ಕೆ ಒದ್ದೆ ಬಟ್ಟೆ ಹಾಕಿದ್ದು ಅವರು. ಅಪ್ಪ ಬಿದ್ದ ವಾರವೇ ಮಗನ ಮನೆ ಬಿಟ್ಟು ಮಗಳ ಊರಿಗೆ ಹೋದರು. “ಜಗಲಿ ಇಲ್ಲದ ಮನೆಗೆ ನಾನು ಕಾಲಿಡಲ್ಲ,” ಎಂದು ರಸ್ತೆಯಲ್ಲಿ ನಿಂತು, ಎಲ್ಲರೂ ಕೇಳುವ ಹಾಗೆ.

ಜೂನ್ 5, ಗುರುವಾರ

ದೊಡ್ಡಮ್ಮನ ಫೋನು. ಅಕ್ಕ ಸ್ಪೀಕರ್‌ಗೆ ಹಾಕಿದಳು.

“ಏನೋ ಪ್ರಾಸದ ಮರಿ, ಜಗಲಿ ಹಾಕ್ಸಿದ್ದು ನೀನೇ ಅಂತೆ?”

“ಎಲ್ಲರೂ ಸೇರಿ, ದೊಡ್ಡಮ್ಮ.”

“ಸುಮ್ನಿರು. ನಿಮ್ಮಪ್ಪನ ಮಗ ಕಣೋ ನೀನು. ಭಾನುವಾರ ಸಂಜೆ ಬರ್ತೀನಿ. ಮಗಳು ಕಾರಲ್ಲಿ ತಂದು ಒಂದನೇ ಮನೆ ಹತ್ರ ಬಿಡ್ತಾಳೆ. ನನ್ನ ಮಗನಿಗೆ ಹೇಳ್ಬೇಡಿ, ಗೊತ್ತಾಯ್ತಾ? ಬಾಗಿಲಲ್ಲಿ ನಿಂತು ‘ನಾನೇ’ ಅಂತೀನಿ, ಅವನ ಎದೆ ಒಡೀಬೇಕು.”

“ಕರ್ಕೊಂಡು ಬರೋಕೆ ಬರ್ತೀವಿ ನಾವು,” ಎಂದಳು ಅಕ್ಕ.

“ಯಾರೂ ಬರ್ಬೇಡಿ. ಕಣ್ಣು ಪೂರ್ತಿ ಹೋಗಿದೆ, ಕಾಲು ಹೋಗಿಲ್ಲ. ಗೋಡೆ ಹಿಡ್ಕೊಂಡು ನಾನೇ ಬರ್ತೀನಿ, ನಿಮ್ಮಪ್ಪನ ಥರ. ಅಷ್ಟೂ ಮನೆ ದಾಟ್ಕೊಂಡು. ಮೊದಲಿನ ಹಾಗೇ ಸಮ ಇದೆ ತಾನೇ?”

ಅಕ್ಕ ನನ್ನನ್ನು ನೋಡಿದಳು.

“ಇದೆ ದೊಡ್ಡಮ್ಮ. ಮೊದಲಿನ ಹಾಗೇ,” ಎಂದೆ.

ಫೋನಿಟ್ಟ ಮೇಲೆ ಅಕ್ಕ, “ಭಾನುವಾರ ನಂಗೆ ಶಾಲೆ ಮೀಟಿಂಗ್. ನೀನು ಮನೇಲಿರ್ತೀಯ. ಹೋಗಿ ಕೈ ಹಿಡಿ, ಇಲ್ಲಾ ಸತ್ಯ ಹೇಳು. ಎರಡರಲ್ಲಿ ಒಂದು,” ಎಂದಳು.

ಹೂಂ ಎಂದೆ.

ಜೂನ್ 8, ಭಾನುವಾರ, ಸಂಜೆ

ಸಭಿಕರೇ, ಇಂದಿನ ಕಾರ್ಯಕ್ರಮ ಸ್ವಲ್ಪ ತಡವಾಗಿ ಆರಂಭವಾಗುತ್ತಿದೆ. ಮುಖ್ಯ ಅತಿಥಿಗಳು ಇನ್ನೂ ಬಂದಿಲ್ಲ. ಅಲ್ಲಿಯವರೆಗೆ ಕಾರ್ಯದರ್ಶಿಗಳು ವರದಿ ಓದುತ್ತಾರೆ.

ಮಳೆ ನಿಂತಿದೆ. ಜಗಲಿ ಇನ್ನೂ ಒದ್ದೆ. ಕಿಟಕಿಯ ಹತ್ತಿರ ಕೂತಿದ್ದೇನೆ. ಇಲ್ಲಿಂದ ಆ ಅಂಚು ಕಾಣುತ್ತದೆ. ಗ್ರಾನೈಟ್ ಒಳಗಿದ್ದಾನೆ, ಟೀವಿ ಹಾಕಿದ್ದಾನೆ, ಗೋಡೆ ಹೇಳುತ್ತಿದೆ. ಏನೂ ಗೊತ್ತಿಲ್ಲ ಅವನಿಗೆ. ಅಪ್ಪನ ದಿನ ನಮಗೂ ಏನೂ ಗೊತ್ತಿರಲಿಲ್ಲ.

ಕಾರಿನ ಬಾಗಿಲು. ಮೇಲಿನ ತುದಿಯಲ್ಲಿ.

ಮಗಳು ಏನೋ ಕೂಗಿ ಹೇಳಿದಳು. ಕಾರು ಹೊರಟಿತು.

“ನಾನೇ.” ಒಂದನೇ ಮನೆ. ಒಳಗಿನಿಂದ ‘ಹೂಂ’ ಅಲ್ಲ, ಕಿರುಚಾಟವೇ. ನಗು. “ಬಿಡ್ರೇ, ಕೈ ಬಿಡ್ರೇ, ನಾನೇ ಹೋಗ್ತೀನಿ.”

ಇನ್ನೂ ಬೇಕಾದಷ್ಟು ಹೊತ್ತಿದೆ. ದೊಡ್ಡಮ್ಮ ನಿಧಾನ. ಮನೆಮನೆಗೂ ನಿಂತು ಮಾತಾಡುತ್ತಾರೆ. ನಾನು ಮೂರನೇ ಮನೆಯ ಹತ್ತಿರ ಹೋಗಿ ಕೈ ಹಿಡಿದರೂ ಸಾಕು. ನಮ್ಮ ಬಾಗಿಲಲ್ಲಿ ಹಿಡಿದರೂ ಸಾಕು.

“ನಾನೇ.” ಎರಡು.

ಈ ವಾಕ್ಯ ಮುಗಿಸಿ ಏಳುತ್ತೇನೆ. ಇದೊಂದು ಮುಗಿಯಲಿ. ಒಂದು ಒಳ್ಳೆಯ ಪ್ರಾಸ ಸಿಕ್ಕರೆ... ಜಗಲಿ, ಅಗಲಿ, ಹೆಗಲಿ—

“ನಾನೇ.” ಮೂರು.

ಸಭಿಕರೇ ಅಂತೆ. ಯಾರಿದ್ದೀರಿ? ಯಾರೂ ಇಲ್ಲ. ಇದ್ದದ್ದು ಒಬ್ಬರೇ, ಅವರಿಗೆ ಜಗಲಿ ಸಾಕಾಗಿತ್ತು. ಜಗಲಿ ಅಪ್ಪನಿಗೆ, ನಾಲ್ಕು ಬೆರಳು ನನಗೆ.

ಮತ್ತೆ ಫೋನಿನಲ್ಲಿ ‘ಮೊದಲಿನ ಹಾಗೇ’ ಎಂದದ್ದು. ಅಕ್ಕ ಅಂದುಕೊಂಡಿದ್ದಾಳೆ ಹೇಳಲು ನಾಚಿಕೆಯಾಯಿತೆಂದು. ನಾಚಿಕೆಯಲ್ಲ. ಅವನೂ ಒಮ್ಮೆ ಬಾಗಿಲು ತೆಗೆದು ತನ್ನವರು ಬಿದ್ದದ್ದು ನೋಡಲಿ ಎಂದೇ ಹೇಳಿದೆ. ದೊಡ್ಡಮ್ಮ ಬೀಳಲಿ ಎಂದೇ.

“ನಾನೇ.” ನಾಲ್ಕು.

ಚಪ್ಪಲಿ ಎಲ್ಲಿ — ಬೇಡ, ಬರಿಗಾಲಲ್ಲೇ,