ಬಕುಲದ ಬುಡದ ತರಗೆಲೆ

ಜೂನ್ 2, ಬೆಳಿಗ್ಗೆ ಆರೂವರೆ

ಬೆಂಚುಗಳ ಕೆಳಗೆ ಗುಡಿಸಿ ಆಯಿತು. ಬಕುಲದ ಬುಡಕ್ಕೆ ಪೊರಕೆ ಇಟ್ಟೆ, ಅಷ್ಟರಲ್ಲಿ ಪಾರ್ಕ್ ಆಫೀಸಿನ ವೆನಿಂಗ್ ಬಂದು ತಡೆದಳು. ಓದಿದ ಹುಡುಗಿ, ಮಾತು ಮೆತ್ತಗೆ. ಇನ್ನು ಮೂರು ತಿಂಗಳು ಇಲ್ಲಿ ಗುಡಿಸಬಾರದಂತೆ. ಬಿದ್ದ ಎಲೆ ಬಿದ್ದಲ್ಲೇ ಇರಬೇಕು. ಬೇರೆ ಕಡೆಯದನ್ನೂ ತಂದು ಗೇಣೆತ್ತರ ಹೊದಿಸಬೇಕು, ದಿನಾ ನೀರು ಚಿಮುಕಿಸಬೇಕು. ನೆಲ ಕಲ್ಲಾಗಿ ಬೇರಿಗೆ ಉಸಿರಿಲ್ಲ, ಮರ ತುದಿಯಿಂದ ಒಣಗುತ್ತಿದೆ. ಆಗಸ್ಟ್ 29ಕ್ಕೆ ಮತ್ತೆ ನೋಡುತ್ತಾಳೆ. ಬೇರಿನಲ್ಲಿ ಜೀವ ಕಾಣದಿದ್ದರೆ ಗರಗಸ.

ನೆಲ ಕಲ್ಲು ಮಾಡಿದ್ದು ಯಾರು? ಹತ್ತೊಂಬತ್ತು ವರ್ಷ ದಿನಕ್ಕೆರಡು ಸಲ ಕೆರೆದು ಕೆರೆದು ಗುಡಿಸಿದ ಈ ವುರ್ಯಾನಿಯೇ. ಬುತ್ತಿ ಬಿಚ್ಚುವುದು, ಮಧ್ಯಾಹ್ನದ ಒಂದು ಜೊಂಪು — ಎಲ್ಲ ಇದರ ನೆರಳಲ್ಲೇ. ಕಡಿಯಲು ಬಿಡಲಾರೆ.

ಜೂನ್ 11

ಗುಡಿಸದೆ ಕೈ ತುರಿಸುತ್ತದೆ. ಇವತ್ತು ನನಗೇ ಗೊತ್ತಿಲ್ಲದೆ ಎಲೆಗಳನ್ನೆಲ್ಲ ಮೊಗ ಮೇಲಾಗಿ ಜೋಡಿಸಿಟ್ಟಿದ್ದೆ. ವೆನಿಂಗ್ ಬಿದ್ದು ಬಿದ್ದು ನಕ್ಕಳು.

ಜೂನ್ 30

ಪಾರ್ಕಿನ ಎದುರು ಮನೆಯಮ್ಮ, ಬು ಕಸಿಯೆಮ್. ಇಡೀ ಸುರಬಾಯದಲ್ಲಿ ಅಷ್ಟು ಚೊಕ್ಕ ಅಂಗಳ ಇನ್ನೊಂದಿಲ್ಲ, ಎಲೆ ಬೀಳುವ ಮೊದಲೇ ಹಿಡಿಯುತ್ತಾಳೆ. ತರಕಾರಿ ಗಾಡಿಯ ಹತ್ತಿರ ಎಲ್ಲರೆದುರು ಕೇಳಿದಳು, ಪಾಪ, ಸೊಂಟ ಹೋಯಿತೇನು ಅಂತ. ಸರಿಯಾಗಿ ಗುಡಿಸದವಳಿಗೆ ಗಡ್ಡದ ಗಂಡ ಸಿಗುತ್ತಾನೆ ಅನ್ನೋ ಹಳೇ ಮಾತು ಹೇಳಿಯೂ ಚುಚ್ಚಿದಳು. ಐವತ್ನಾಲ್ಕಕ್ಕೆ ಗಡ್ಡದವನೇ ಬರಲಿ, ಬೇಡ ಅನ್ನೋದಿಲ್ಲ ಅಂದೆ. ಗಾಡಿಯವನೂ ನಕ್ಕ.

ನಿಜ ಹೇಳಬೇಕಿತ್ತು. ಹೇಳಿದರೆ ಮರ ಒಣಗಿಸಿದ್ದು ನಾನೇ ಎಂದು ಒಪ್ಪಬೇಕು... ನಾಚಿಕೆ.

ಆಗಸ್ಟ್ 7

ಅಕ್ಕನ ಮಗಳ ಮದುವೆ. ಮಲಾಂಗ್‌ಗೆ ನಾಲ್ಕು ದಿನ. ಮರಕ್ಕೆ ಎರಡು ಪಾಲು ನೀರು ಹಾಕಿದ್ದೇನೆ.

ಆಗಸ್ಟ್ 11

ಬಸ್ಸಿಳಿದು ನೇರ ಪಾರ್ಕಿಗೆ. ಬುಡ ಬೋಳು. ಸಾಲು ಸಾಲು ಪೊರಕೆಯ ಗೆರೆ.

ಹದಿನೇಳರ ಸ್ವಾತಂತ್ರ್ಯ ದಿನಕ್ಕೆಂದು ನಿನ್ನೆ ಕೇರಿಯವರೆಲ್ಲ ಸೇರಿ ಸ್ವಚ್ಛ ಮಾಡಿದ್ದಾರೆ. ನನ್ನ ಸೊಂಟಕ್ಕೆ ಮರುಗಿ, ನನಗೆ ಬೈಗುಳ ಬೀಳಬಾರದೆಂದು, ಕಸಿಯೆಮ್ ಹನ್ನೆರಡು ಹೆಂಗಸರನ್ನು ಕರೆತಂದು ಬಕುಲದ ಬುಡವನ್ನೂ ಗುಡಿಸಿಸಿದ್ದಾಳೆ. ಮೂಟೆಗಳು ಟ್ರಕ್ಕಿನಲ್ಲಿ ಹೋಗಿವೆ. ಕೆಲಸ ಮುಗಿಸಿ ಹಂಚಿಕೊಂಡ ಹಬ್ಬದ ಹಳದಿ ಅನ್ನದಲ್ಲಿ ನನ್ನ ಪಾಲನ್ನೂ ಎತ್ತಿಟ್ಟಿದ್ದಾರೆ. ಎಲ್ಲರ ಮುಖದಲ್ಲೂ ಹಿಗ್ಗು. ಯಾರನ್ನು ಬೈಯುವುದು?

ಕಸಿಯೆಮ್ ಅಂದಳು: "ನಿಮ್ಮ ಕಸ ಬಲು ಮೊಂಡು, ಬು. ಅಡೀಲಿ ಕೂದಲಿನ ಹಾಗೆ ಬಿಳೀ ಎಳೆ. ಪೊರಕೆಗೆ ಸಿಕ್ಕಿಕೊಂಡು ಬಿಡ್ತಾನೇ ಇರ್ಲಿಲ್ಲ. ಕಿತ್ತು ಕಿತ್ತು ಬೆರಳು ನೋವು ಬಂತು."

ಬಿಳಿ ಎಳೆ. ಬೇರು! ಎಲೆ ಹುಡುಕಿಕೊಂಡು ಮೇಲೆ ಬಂದಿತ್ತು ಹೊಸ ಬೇರು...

ನಗುವೂ ಬಂತು, ಅಳುವೂ ಬಂತು. ಅಲ್ಲೇ ಕೂತು ಎಲ್ಲ ಹೇಳಿಬಿಟ್ಟೆ — ನೆಲ ಕಲ್ಲು ಮಾಡಿದ್ದು, ಗರಗಸದ ತಾರೀಖು. ಕಸಿಯೆಮ್ ತನ್ನ ಬೆರಳುಗಳನ್ನೇ ನೋಡುತ್ತ ನಿಂತಳು.

ಆಗಸ್ಟ್ 12

ಗೇಟಿನ ಹತ್ತಿರ ಹನ್ನೊಂದು ಮೂಟೆ ತರಗೆಲೆ. ಅವರವರ ಅಂಗಳದ್ದು, ಮಸೀದಿಯ ಮಾವಿನದ್ದು. ಕಸಿಯೆಮ್ ಅಂಗಳದಲ್ಲಿ ಎಲೆ ಎಲ್ಲಿಂದ ಬರಬೇಕು? ಸ್ಮಶಾನಕ್ಕೆ ಹೋಗಿ ಮೂರು ಮೂಟೆ ತುಂಬಿ ತಂದಿದ್ದಾಳೆ.

"ಜೀವಮಾನದಲ್ಲಿ ಮೊದಲ ಸಲ ಕಸ ಚೆಲ್ತಿದ್ದೀನಿ," ಅಂದಳು. "ಆ ಕಡೆ ತಿರುಗಿ."

ಆಗಸ್ಟ್ 20

ನೀರು, ಎಲೆ, ನೀರು. ಕಸಿಯೆಮ್ ಸ್ಟೂಲ್ ಹಾಕಿಕೊಂಡು ಕಾವಲು. ನನ್ನ ರಜೆಯ ದಿನ ಬದಲಿಗೆ ಬಂದ ಗುಡಿಸುವವನ ಪೊರಕೆ ಕಿತ್ತಿಟ್ಟುಕೊಂಡಿದ್ದಾಳೆ, ಇನ್ನೂ ಕೊಟ್ಟಿಲ್ಲ.

ಆಗಸ್ಟ್ 29, ಹತ್ತು ಗಂಟೆ

ವೆನಿಂಗ್ ಬಂದಳು. ಗುಡಿಸಿದ ವಿಷಯ ಮುಚ್ಚಿಡಲಿಲ್ಲ. ಅವಳು ಮಂಡಿಯೂರಿ ಎಲೆ ಕೆದಕಲು ಹೊರಟಳು. ಕಸಿಯೆಮ್ ಅವಳ ಕೈ ಹಿಡಿದಳು.

"ಕೆದಕ್ಬೇಡ ಮಗಳೇ. ಕೈ ತೂರಿಸಿ ನೋಡು."

ಮಣಿಕಟ್ಟಿನವರೆಗೆ ತೂರಿಸಿದಳು. ಒಳಗೇ ಬೆರಳಾಡಿಸಿ ತಡವಿದಳು. ಆಮೇಲೆ ವೆನಿಂಗ್ ಕಸಿಯೆಮ್‌ಳ ಕೈ ಎಳೆದು ಅದೇ ಜಾಗಕ್ಕೆ ಇಳಿಸಿದಳು. ಕಸಿಯೆಮ್ ಕಣ್ಣು ಮುಚ್ಚಿದಳು.

"ಇದಾವೆ, ಬು ವುರ್ಯಾನಿ," ಅಂದಳು ಕಸಿಯೆಮ್ ಪಿಸುದನಿಯಲ್ಲಿ. "ಮತ್ತೆ ಬಂದಿದಾವೆ. ತಣ್ಣಗಿದಾವೆ."

ಕಡಿಯುವುದಿಲ್ಲ! ವೆನಿಂಗ್ ಕಾಗದದಲ್ಲಿ ಬರೆದೇ ಹೋದಳು. ಕಾಫಿ ಬಂದಿದೆ, ಆರುತ್ತಿದೆ. ಕಸಿಯೆಮ್ ಇನ್ನೂ ಎಲೆಯೊಳಗಿಂದ ಕೈ ತೆಗೆದಿಲ್ಲ. ಲೋಟ ಹಿಡಿಯಿರಿ ಬು ಅಂದರೆ, ಒಂದು ನಿಮಿಷ ಅನ್ನುತ್ತಾಳೆ, ಇನ್ನೊಂದೇ ನಿಮಿಷ —