ಕೆಂಪಿಗೆ ಹಾಕಿದ ಬರೆ

ಮತ್ತಿಕೆರೆ
೧೪-೨-೧೯೬೨

ಅಟ್ಟೂರಿನ ಪಿಳ್ಳಪ್ಪನವರಿಗೆ,

ಗಂಡನ ಹೆಸರು ಹಿಡಿದು ಬರೀಬಾರದು ಅಂತಾರೆ. ಬರೆದಿದ್ದೀನಿ. ನಿಮ್ಮ ಕ್ಷೇಮ ವಿಚಾರಿಸೋಕೆ ಅಲ್ಲ.

ನಿಮ್ಮನ್ನ ಬಿಟ್ಟು ಬಂದ ಮೇಲೂ ಪಂಚಾಯ್ತಿಯವರ ಮಾತಿಗೆ ತಲೆಬಾಗಿ, ಮಗಳು ಕೆಂಪೀನ ಅರ್ಧ ತಿಂಗಳು ನಿಮ್ಮನೆಗೆ ಕಳಿಸ್ತಿದ್ದೆ. ಈ ಸಲ ಅವಳು ವಾಪಸ್ ಬಂದಾಗ ನೀರು ಹುಯ್ಯೋಕೆ ಹೋದರೆ ಹೊಟ್ಟೆ ಮೇಲೆಲ್ಲಾ ಸುಟ್ಟ ಗಾಯ. ಬಿಸಿ ಮುದ್ದೆ ಬಿತ್ತು ಅಂತ ಹೇಳಿ ಕಳಿಸಿದ್ರಿ. ಮುದ್ದೆ ಬಿದ್ದರೆ ಬೊಬ್ಬೆ ಏಳುತ್ತೆ, ಹೊಕ್ಕುಳ ಸುತ್ತ ಬಾಗಿದ ಗೆರೆ ಮೂಡಲ್ಲ ಕಣ್ರೀ. ಅದು ಬಳೆ ಚೂರು ಕಾಯಿಸಿ ಹಾಕಿದ ಬರೆ. ನಾನೂ ಹಳ್ಳೀಲೇ ಬೆಳೆದೋಳು.

ಜ್ವರ ಇಲ್ಲ, ಕಾಮಾಲೆ ಇಲ್ಲ, ಬರೆ ಯಾಕೆ ಅಂತ ಕೆಂಪೀನೇ ಕೇಳಿದೆ. ಸಂಜೆಯಾದ್ರೆ ಅವ್ವ ಬೇಕು ಅಂತ ಅಳ್ತಿದ್ದಳಂತೆ. ಗಾಳಿ ಸೋಕಿದೆ ಅಂತ ನಿಮ್ಮವ್ವ ಬರೆ ಹಾಕಿದರಂತೆ. ಕಾಲು ಒತ್ತಿ ಹಿಡಿದೋರು ನೀವಂತೆ.

ಇನ್ಮೇಲೆ ಮಗು ಅಲ್ಲಿಗೆ ಬರಲ್ಲ. ನೋಡಬೇಕು ಅನ್ನಿಸಿದರೆ ಹಗಲಲ್ಲಿ ಬಂದು, ನಮ್ಮ ಜಗಲಿ ಮೇಲೆ ಕೂತು ನೋಡ್ಕೊಂಡು ಹೋಗಿ. ಬರುವಾಗ ಅಲ್ಲೇ ಉಳಿದಿರೋ ಅವಳ ಹಸಿರು ಲಂಗ ತನ್ನಿ.

ನಿಮ್ಮವ್ವನಿಗೆ ಹೇಳಿ, ಅವರ ಮದ್ದು ಚೆನ್ನಾಗಿ ಹತ್ತಿದೆ. ನೆನ್ನೆ ಕೆಂಪಿ ಮೆಟ್ಟಿಲಿಂದ ಬಿದ್ದು ಮಂಡಿ ಒಡ್ಕೊಂಡಳು. ನಾನು ಪಕ್ಕದಲ್ಲೇ ಇದ್ದೆ. ಬಾಯಿಗೆ ಕೈ ಅಡ್ಡ ಇಟ್ಕೊಂಡು ಅತ್ತಳು. ಅವ್ವ ಅನ್ನಲಿಲ್ಲ.

ಇಂತಿ,
ಕೆಂಪಿಯ ಅವ್ವ
ಗಂಗರತ್ನಮ್ಮ